ಇರುಳಿನ ಗೂಡ್ಸ್ ರೈಲುಗಳಿಗೆ ಬೆಳಕು ಹಿಡಿದ ಛಾಯಾಗ್ರಾಹಕ: ಓ. ವಿನ್‌ಸ್ಟನ್ ಲಿಂಕ್

ಉಗಿ ಎಂಜಿನ್‌ಗಳು ಅಮೆರಿಕಾದ ಹಳಿಗಳಿಂದ ಮರೆಯಾಗುತ್ತಿದ್ದ ಕಾಲ. 1955ರಿಂದ 1960ರವರೆಗಿನ ಐದು ವರ್ಷಗಳಲ್ಲಿ ನ್ಯೂಯಾರ್ಕ್ ನಗರದ ಛಾಯಾಗ್ರಾಹಕರೊಬ್ಬರು ವರ್ಜೀನಿಯಾ, ಪಶ್ಚಿಮ ವರ್ಜೀನಿಯಾ ಹಾಗೂ ನೆರೆಯ ರಾಜ್ಯಗಳ ಹಳ್ಳಿಗಾಡಿಗೆ ಮತ್ತೆ ಮತ್ತೆ ಪ್ರಯಾಣ ಬೆಳೆಸಿದರು. ಅಲ್ಲಿನ ಸರಕು ರೈಲುಗಳನ್ನೂ ಪ್ರಯಾಣಿಕರ ರೈಲುಗಳನ್ನೂ ಹೆಚ್ಚಾಗಿ ರಾತ್ರಿಯ ವೇಳೆ, ತಾವೇ ಸೃಷ್ಟಿಸಿಕೊಂಡ ಬೆಳಕಿನಲ್ಲಿ ಸೆರೆಹಿಡಿದರು. ಅವರೇ ಓ. ವಿನ್‌ಸ್ಟನ್ ಲಿಂಕ್. ಸುಮಾರು 20 ಪ್ರವಾಸಗಳು, ಸುಮಾರು 2,400 ನೆಗೆಟಿವ್‌ಗಳು ಮತ್ತು ಹಲವು ಗಂಟೆಗಳ ಧ್ವನಿಮುದ್ರಣ ಈ ಸಾಹಸದ ಒಟ್ಟು ಫಲ. ಕಂಪನಿಯ ಸಹಕಾರ ದೊರೆತಿತ್ತಾದರೂ ಕೆಲಸ ಕಂಪನಿಯದಾಗಿರಲಿಲ್ಲ. ಖರ್ಚನ್ನು ಲಿಂಕ್ ಅವರೇ ಭರಿಸಿದರು.

ಈ ಚಿತ್ರಗಳನ್ನು ಕೊಳ್ಳುವವರು ಆ ದಿನಗಳಲ್ಲಿ ಹೆಚ್ಚೇನೂ ಇರಲಿಲ್ಲ. ಅವು ಕಲಾ ಸಂಗ್ರಹಾಲಯಗಳ ಗೋಡೆಯನ್ನು ಏರಲು ಎರಡು ದಶಕಗಳಿಗೂ ಹೆಚ್ಚು ಕಾಲ ಹಿಡಿಯಿತು. ಇಂದು ಉಗಿ ಯುಗದ ಅಮೆರಿಕಾವನ್ನು ಕುರಿತ ಯಾವುದೇ ಚರ್ಚೆಯಲ್ಲಿ ಲಿಂಕ್ ಅವರ ಹೆಸರು ಬಾರದಿರುವುದು ಅಪರೂಪ.

ಎಂಜಿನಿಯರ್ ಆಗಿದ್ದ ಛಾಯಾಗ್ರಾಹಕ

ಓಗಲ್ ವಿನ್‌ಸ್ಟನ್ ಲಿಂಕ್ ಜನಿಸಿದ್ದು 1914ರ ಡಿಸೆಂಬರ್ 16ರಂದು, ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿ. ತಂದೆ ನಗರದ ಸರಕಾರಿ ಶಾಲೆಗಳಲ್ಲಿ ಮರಗೆಲಸ ಕಲಿಸುವ ಶಿಕ್ಷಕರು. ಕೈಕೆಲಸದ ಜೊತೆಗೆ ಛಾಯಾಗ್ರಹಣದ ಅಭಿರುಚಿಯನ್ನೂ ಮಗನಲ್ಲಿ ಬೆಳೆಸಿದವರು ಅವರೇ. ಲಿಂಕ್ ಬ್ರೂಕ್ಲಿನ್ ಪಾಲಿಟೆಕ್ನಿಕ್ ಸಂಸ್ಥೆಯಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ 1937ರಲ್ಲಿ ಪದವಿ ಪಡೆದರು. ಆದರೆ ಕಟ್ಟಡ, ಸೇತುವೆಗಳ ಕಡೆಗೆ ಹೋಗದೆ ಕಾರ್ಲ್ ಬೈಯರ್ ಎಂಬ ಸಾರ್ವಜನಿಕ ಸಂಪರ್ಕ ಸಂಸ್ಥೆಯಲ್ಲಿ ಛಾಯಾಗ್ರಾಹಕರಾಗಿ ಸೇರಿದರು.

ಜಾಹೀರಾತಿಗಾಗಿ ಚಿತ್ರ ತೆಗೆಯುವುದೆಂದರೆ ಕಣ್ಣಿಗೆ ಬಿದ್ದದ್ದನ್ನು ಕ್ಲಿಕ್ಕಿಸುವುದಲ್ಲ. ದೃಶ್ಯವನ್ನು ಮೊದಲು ಮನಸ್ಸಿನಲ್ಲಿ ರೂಪಿಸಬೇಕು, ವ್ಯಕ್ತಿಗಳನ್ನು ಅಲ್ಲಲ್ಲಿ ನಿಲ್ಲಿಸಬೇಕು, ಬೆಳಕನ್ನು ಹೊಂದಿಸಬೇಕು. ಲಿಂಕ್ ಈ ಪಾಠಗಳನ್ನು ಕಲಿತದ್ದು ಇಲ್ಲಿಯೇ. ಎರಡನೆಯ ಮಹಾಯುದ್ಧದ ವೇಳೆ, ಮುಳುಗಿರುವ ಜಲಾಂತರ್ಗಾಮಿಗಳನ್ನು ವಿಮಾನದಿಂದ ಪತ್ತೆಹಚ್ಚುವ ಉಪಕರಣವನ್ನು ರೂಪಿಸುತ್ತಿದ್ದ ಲಾಂಗ್ ಐಲೆಂಡ್‌ನ ಪ್ರಯೋಗಾಲಯವೊಂದರಲ್ಲಿ ಅವರು ಕೆಲಸ ಮಾಡಿದರು. ಪ್ರಯೋಗಾಲಯದ ಪಕ್ಕದಲ್ಲಿಯೇ ರೈಲು ಮಾರ್ಗವಿತ್ತು. ಬಾಲ್ಯದಿಂದಲೂ ಇದ್ದ ರೈಲಿನ ಸೆಳೆತ ಅಲ್ಲಿ ಮತ್ತೆ ಚಿಗುರಿತು. ಯುದ್ಧ ಮುಗಿದ ಬಳಿಕ 1946ರಲ್ಲಿ ನ್ಯೂಯಾರ್ಕ್‌ನಲ್ಲಿ ತಮ್ಮದೇ ಸ್ಟುಡಿಯೋ ತೆರೆದರು.

ಉಗಿಯನ್ನು ಬಿಡದ ಕಂಪನಿ

ಲಿಂಕ್ ಅವರ ಚಿತ್ರಗಳ ಮಹತ್ವ ತಿಳಿಯಬೇಕಾದರೆ ಅವರು ಆರಿಸಿಕೊಂಡ ರೈಲ್ವೆಯ ಪರಿಚಯ ಅಗತ್ಯ. ಎರಡನೆಯ ಮಹಾಯುದ್ಧದ ನಂತರ ಅಮೆರಿಕಾದ ರೈಲ್ವೆ ಕಂಪನಿಗಳು ಒಂದರ ಹಿಂದೊಂದರಂತೆ ಡೀಸೆಲ್ ಎಂಜಿನ್‌ಗಳತ್ತ ಹೊರಳಿದವು. ಡೀಸೆಲ್ ಎಂಜಿನ್‌ಗೆ ದಾರಿಯುದ್ದಕ್ಕೂ ನೀರಿನ ತೊಟ್ಟಿಗಳು ಬೇಕಿಲ್ಲ, ಬೂದಿ ತೆಗೆಯುವ ಕೆಲಸವಿಲ್ಲ, ಬಾಯ್ಲರ್ ತೊಳೆಯಬೇಕಾಗಿಲ್ಲ. ದುರಸ್ತಿಗೆ ಬೇಕಾಗುವ ಕೈಗಳೂ ಕಡಿಮೆ.

ಈ ಪ್ರವಾಹಕ್ಕೆ ಎದುರಾಗಿ ನಿಂತದ್ದು ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲ್ವೆ. ಪಶ್ಚಿಮ ವರ್ಜೀನಿಯಾದ ಕಲ್ಲಿದ್ದಲು ಗಣಿಗಳಿಂದ ಅಟ್ಲಾಂಟಿಕ್ ತೀರದ ನಾರ್ಫೋಕ್ ಬಂದರಿಗೆ ಕಲ್ಲಿದ್ದಲು ಸಾಗಿಸುವುದು ಈ ಕಂಪನಿಯ ಜೀವಾಳ. ಇಂಧನ ತನ್ನ ಮಾರ್ಗದ ಪಕ್ಕದಲ್ಲೇ ದೊರೆಯುತ್ತಿತ್ತು. ಅದೇ ಕಲ್ಲಿದ್ದಲಿನ ಗಣಿಗಳು ಅದರ ದೊಡ್ಡ ಗ್ರಾಹಕರೂ ಆಗಿದ್ದವು. ಇದಲ್ಲದೆ, ಎಂಜಿನ್‌ಗಳನ್ನು ಹೊರಗಿನಿಂದ ಕೊಳ್ಳುವ ಬದಲು ವರ್ಜೀನಿಯಾದ ರೊವನೋಕ್ ನಗರದಲ್ಲಿದ್ದ ಸ್ವಂತ ಕಾರ್ಯಾಗಾರದಲ್ಲಿಯೇ ಕಂಪನಿ ತಯಾರಿಸಿಕೊಳ್ಳುತ್ತಿತ್ತು. ವೇಗದ ಸರಕು ರೈಲುಗಳಿಗೆ 'ಎ' ವರ್ಗ, ಪ್ರಯಾಣಿಕರ ರೈಲುಗಳಿಗೆ 'ಜೆ' ವರ್ಗ, ಭಾರೀ ಕಲ್ಲಿದ್ದಲು ರೈಲುಗಳಿಗೆ 'ವೈ6' ವರ್ಗ ಎಂದು ಮೂರು ಬಗೆಯ ಹೆಸರಾಂತ ಎಂಜಿನ್‌ಗಳು ಅಲ್ಲಿ ರೂಪುಗೊಂಡವು. ಉಳಿದ ಕಂಪನಿಗಳು ಉಗಿಗೆ ವಿದಾಯ ಹೇಳುತ್ತಿದ್ದಾಗಲೂ, 1953ರವರೆಗೆ ರೊವನೋಕ್‌ನಲ್ಲಿ ಹೊಸ ಉಗಿ ಎಂಜಿನ್‌ಗಳು ತಯಾರಾಗುತ್ತಿದ್ದವು.

ಆದರೂ ಕಾಲದ ಓಟವನ್ನು ಒಂಟಿಯಾಗಿ ತಡೆಯಲು ಕಂಪನಿಗೆ ಸಾಧ್ಯವಾಗಲಿಲ್ಲ. ದೇಶದ ಬೇರೆಲ್ಲ ರೈಲ್ವೆಗಳು ಉಗಿಯನ್ನು ಕೈಬಿಟ್ಟ ಮೇಲೆ ಬಿಡಿಭಾಗಗಳನ್ನು ಪೂರೈಸುವ ಕಾರ್ಖಾನೆಗಳೂ ಆ ವಹಿವಾಟಿನಿಂದ ಹಿಂದೆ ಸರಿದವು. 1955ರಲ್ಲಿ ಕಂಪನಿ ತನ್ನ ಮೊದಲ ಡೀಸೆಲ್ ಎಂಜಿನ್‌ಗಳನ್ನು ಖರೀದಿಸಿತು. ಲಿಂಕ್ ಅವರು ಅಲ್ಲಿಗೆ ಬಂದದ್ದೂ ಅದೇ ವರ್ಷ.

ವೇನ್ಸ್‌ಬರೋದ ಮೊದಲ ರಾತ್ರಿ

1955ರ ಜನವರಿಯಲ್ಲಿ ಲಿಂಕ್ ವರ್ಜೀನಿಯಾದ ಸ್ಟಾಂಟನ್ ಪಟ್ಟಣಕ್ಕೆ ಹೋದದ್ದು ಹವಾನಿಯಂತ್ರಣ ಯಂತ್ರಗಳ ಜಾಹೀರಾತು ಚಿತ್ರಗಳಿಗಾಗಿ. ನಾರ್ಫೋಕ್ ಅಂಡ್ ವೆಸ್ಟರ್ನ್‌ನ ಶೆನಂಡೋವಾ ಕಣಿವೆಯ ಮಾರ್ಗ ಅಲ್ಲಿಂದ ಸುಮಾರು 20 ಕಿ.ಮೀ. ದೂರದ ವೇನ್ಸ್‌ಬರೋ ಎಂಬಲ್ಲಿ ಹಾದುಹೋಗುತ್ತಿತ್ತು. ಸಂಜೆ ಕೆಲಸ ಮುಗಿಸಿ ಅಲ್ಲಿಗೆ ತೆರಳಿದ ಅವರು, ಉಗಿ ರೈಲುಗಳು ಇನ್ನೂ ನಿತ್ಯದ ಕಾಯಕದಲ್ಲಿ ತೊಡಗಿರುವುದನ್ನು ಕಂಡರು. ಜನವರಿ 21ರ ರಾತ್ರಿ ಅದೇ ನಿಲ್ದಾಣದಲ್ಲಿ ತಮ್ಮ ಮೊದಲ ರಾತ್ರಿ ಚಿತ್ರವನ್ನು ತೆಗೆದರು.

ಅನಂತರ ಕಂಪನಿಗೆ ಪತ್ರ ಬರೆದು ತಮ್ಮ ಯೋಜನೆಯನ್ನು ವಿವರಿಸಿದರು. ಅಂದಿನ ಅಧ್ಯಕ್ಷ ರಾಬರ್ಟ್ ಹಾಲ್ ಸ್ಮಿತ್ ಅವರಿಂದ ಒಪ್ಪಿಗೆ ದೊರೆಯಿತು. ಹಳಿ, ನಿಲ್ದಾಣ, ಲೋಕೋ ಶೆಡ್ ಹಾಗೂ ಸಿಗ್ನಲ್ ಗೋಪುರಗಳ ಬಾಗಿಲುಗಳು ಲಿಂಕ್ ಅವರಿಗೆ ತೆರೆದವು. ಚಾಲಕರು, ಸ್ಟೇಷನ್ ಮಾಸ್ತರರು ಹಾಗೂ ಕಾರ್ಯಾಗಾರದ ಕೆಲಸಗಾರರು ಕ್ರಮೇಣ ಅವರ ಪರಿಚಿತರಾದರು. ಈ ಸಹಕಾರವಿಲ್ಲದೆ ಮುಂದಿನ ಯಾವ ಚಿತ್ರವೂ ಸಾಧ್ಯವಾಗುತ್ತಿರಲಿಲ್ಲ ಎಂಬುದು ಗಮನಾರ್ಹ.

ರಾತ್ರಿಯೇ ಏಕೆ?

ಹಗಲಿನಲ್ಲಿ ರೈಲಿನ ಚಿತ್ರ ತೆಗೆಯುವವರಿಗೆ ಎರಡು ತೊಡಕುಗಳು. ಸೂರ್ಯನನ್ನು ತಮಗೆ ಬೇಕಾದ ದಿಕ್ಕಿಗೆ ಸರಿಸಲಾಗದು, ಹಳಿಗಳನ್ನೂ ಕದಲಿಸಲಾಗದು. ಇದಕ್ಕೆ ಲಿಂಕ್ ಕಂಡುಕೊಂಡ ಪರಿಹಾರ ಕತ್ತಲೆ. ರಾತ್ರಿಯಲ್ಲಿ ಬೆಳಕು ಎಲ್ಲಿಂದ ಬೀಳಬೇಕು, ಯಾವುದು ಕಾಣಬೇಕು, ಯಾವುದು ಮರೆಯಾಗಬೇಕು ಎಂಬುದೆಲ್ಲವೂ ಛಾಯಾಗ್ರಾಹಕನ ಅಧೀನ. ಹಳಿಯ ಬದಿಯ ಕಸ, ತಂತಿಗಳ ಗೋಜಲು ಇರುಳಿನಲ್ಲಿ ಕರಗಿಹೋಗುತ್ತವೆ. ಹಗಲಿನ ಆಕಾಶದಲ್ಲಿ ಮಂಕಾಗುವ ಉಗಿ, ಕಪ್ಪು ಹಿನ್ನೆಲೆಯಲ್ಲಿ ಬೆಳಕು ತಾಗಿದೊಡನೆ ಹತ್ತಿಯ ರಾಶಿಯಂತೆ ಬೆಳ್ಳಗೆ ಎದ್ದು ನಿಲ್ಲುತ್ತದೆ. ಅವರ ಹೆಸರಾಂತ ಚಿತ್ರಗಳು ಬಹುಪಾಲು ಕಪ್ಪು-ಬಿಳುಪಿನವಾಗಿರುವುದು ಈ ಪರಿಣಾಮವನ್ನು ಇನ್ನಷ್ಟು ಹೆಚ್ಚಿಸಿದೆ.

ಆದರೆ ಓಡುವ ಸರಕು ರೈಲನ್ನು ಕತ್ತಲಲ್ಲಿ ಬೆಳಗುವುದು ಸುಲಭದ ಮಾತಲ್ಲ. ಅಂದಿನ ಫ್ಲ್ಯಾಷ್ ಬಲ್ಬ್‌ಗಳು ಒಮ್ಮೆ ಮಾತ್ರ ಉರಿಯುವಂಥವು. ಗಾಜಿನ ಬುರುಡೆಯೊಳಗಿನ ಲೋಹದ ನವಿರಾದ ಎಳೆಗಳು ಆಮ್ಲಜನಕದಲ್ಲಿ ಭಗ್ಗನೆ ಉರಿದು ಕ್ಷಣದಲ್ಲಿ ಮುಗಿದುಹೋಗುತ್ತಿದ್ದವು. ಇಂತಹ ಹತ್ತಾರು ಬಲ್ಬ್‌ಗಳನ್ನು ಪ್ರತಿಫಲಕಗಳಲ್ಲಿ ಕೂರಿಸಿ, ಹಳಿಯ ಇಕ್ಕೆಲಗಳಲ್ಲೂ ಮನೆಗಳ ಮರೆಯಲ್ಲೂ ಇರಿಸಿ, ಉದ್ದನೆಯ ತಂತಿಗಳಿಂದ ಒಂದಕ್ಕೊಂದು ಜೋಡಿಸಬೇಕಿತ್ತು. ಲಿಂಕ್ ತಾವೇ ವಿನ್ಯಾಸಗೊಳಿಸಿದ ವಿದ್ಯುತ್ ಪೂರೈಕೆ ಪೆಟ್ಟಿಗೆಯಿಂದ 60ರವರೆಗೆ ಬಲ್ಬ್‌ಗಳನ್ನು ಏಕಕಾಲಕ್ಕೆ ಹೊತ್ತಿಸಲು, ಜೊತೆಗೆ ಮೂರು ಕ್ಯಾಮೆರಾಗಳನ್ನು ಚಾಲೂ ಮಾಡಲು ಸಾಧ್ಯವಿತ್ತು. ಕ್ಯಾಮೆರಾಗಳು 4x5 ಅಂಗುಲದ ಹಾಳೆ ಫಿಲ್ಮ್ ಬಳಸುವ ದೊಡ್ಡ ಮಾದರಿಯವು.

ಬಲ್ಬ್‌ಗಳ ಜೋಡಣೆ ಸರಣಿ ಕ್ರಮದ್ದು. ಎಲ್ಲವೂ ಒಟ್ಟಿಗೆ ಹೊತ್ತಿಕೊಳ್ಳಲು ಈ ಕ್ರಮ ಅನುಕೂಲ. ಆದರೆ ಎಲ್ಲೋ ಒಂದು ಬಲ್ಬ್ ಕೆಟ್ಟಿದ್ದರೆ ಅಥವಾ ಒಂದು ತಂತಿ ಸಡಿಲವಾಗಿದ್ದರೆ ಆ ಸಾಲಿನ ಯಾವ ಬಲ್ಬೂ ಬೆಳಗುತ್ತಿರಲಿಲ್ಲ. ಹಗಲೆಲ್ಲ ಸಿದ್ಧತೆ ನಡೆಸಿ, ಪ್ರತಿ ಸಂಪರ್ಕವನ್ನೂ ಪರೀಕ್ಷಿಸಿ, ರಾತ್ರಿ ರೈಲಿನ ಸದ್ದಿಗಾಗಿ ಕಾಯಬೇಕಿತ್ತು. ವೇಗದ ಸರಕು ರೈಲು ಗುರುತಿಟ್ಟ ಸ್ಥಳಕ್ಕೆ ಬಂದ ಆ ಒಂದು ಕ್ಷಣ ತಪ್ಪಿದರೆ ಇಡೀ ದಿನದ ಶ್ರಮ ವ್ಯರ್ಥ. ತಂತಿ ಎಳೆಯುವ, ಬಲ್ಬ್ ಜೋಡಿಸುವ ಕೆಲಸಕ್ಕೆ ಒಬ್ಬಿಬ್ಬರು ಸಹಾಯಕರಿರುತ್ತಿದ್ದರು. 1957ರಲ್ಲಿ ಹೀಗೆ ಸಹಾಯಕರಾಗಿದ್ದ ಥಾಮಸ್ ಗಾರ್ವರ್, ಮುಂದೆ ಕಲಾ ಸಂಗ್ರಹಾಲಯಗಳ ಕ್ಷೇತ್ರದಲ್ಲಿ ದುಡಿದು, ಲಿಂಕ್ ಅವರ ಚಿತ್ರಗಳ ಬಗ್ಗೆ ಗ್ರಂಥ ಬರೆದರು.

ರೈಲಿನ ಪಕ್ಕದ ಬದುಕು

ರೈಲು ಪ್ರೇಮಿಗಳು ತೆಗೆದ ಚಿತ್ರಗಳಲ್ಲಿ ಸಾಮಾನ್ಯವಾಗಿ ಎಂಜಿನ್ನೇ ನಾಯಕ. ಲಿಂಕ್ ಅವರ ಅನೇಕ ಚಿತ್ರಗಳಲ್ಲಿ ರೈಲು ಹಿನ್ನೆಲೆಯಲ್ಲಿ ಹಾದುಹೋಗುತ್ತದೆ. ಮುನ್ನೆಲೆಯಲ್ಲಿ ಊರಿನ ಜನ ತಮ್ಮ ಪಾಡಿಗೆ ತಾವಿರುತ್ತಾರೆ. ಹೆಸರಾಂತ ಕೆಲವು ಚಿತ್ರಗಳು ಇಂತಿವೆ:

* ಲಿಥಿಯಾ, ವರ್ಜೀನಿಯಾ, 1955: ಮನೆಯೊಂದರ ನಡುಮನೆ. ಒಳಗೆ ಮಹಿಳೆ, ಹುಡುಗ ಮತ್ತು ಬೆಕ್ಕು. ಕಿಟಕಿಯಾಚೆ ಕೈಗೆಟಕುವಷ್ಟು ಸನಿಹದಲ್ಲಿ ರೈಲು ಹಾದುಹೋಗುತ್ತಿದೆ.

* ಲುರೇ, ವರ್ಜೀನಿಯಾ, 1956: ಹಾಕ್ಸ್‌ಬಿಲ್ ಹಳ್ಳದಲ್ಲಿ ಮಕ್ಕಳು ಈಜಾಡುತ್ತಿದ್ದಾರೆ. ಮೇಲಿನ ಸೇತುವೆಯ ಮೇಲೆ ಉಗಿ ಚೆಲ್ಲುತ್ತಾ ರೈಲು ಸಾಗಿದೆ.

* ವೆಸೂವಿಯಸ್, ವರ್ಜೀನಿಯಾ, 1956: ಅಂಗಡಿಯೊಂದರ ಮುಂದೆ, ವಿದ್ಯುತ್ತಿನ ಹಂಗಿಲ್ಲದ ಹಳೆಯ ಪಂಪಿನಿಂದ ಕಾರಿಗೆ ಪೆಟ್ರೋಲ್ ತುಂಬಲಾಗುತ್ತಿದೆ. ಹಿಂದೆ ರೈಲು ಧಾವಿಸುತ್ತಿದೆ.

* ಯೇಗರ್, ಪಶ್ಚಿಮ ವರ್ಜೀನಿಯಾ, 1956: ಬಯಲು ಚಿತ್ರಮಂದಿರ. ಕಾರುಗಳ ಸಾಲು, ಪರದೆಯ ಮೇಲೆ ಜೆಟ್ ವಿಮಾನ, ಬದಿಯ ಹಳಿಯಲ್ಲಿ ವೇಗದ ಸರಕು ರೈಲು.

ರೈಲಿನ ಸದ್ದು ಈ ಊರುಗಳಿಗೆ ಗಡಿಯಾರವಿದ್ದಂತೆ. ಅದು ಬಂದು ಹೋಗುವಾಗ ಯಾರೂ ಬೆಚ್ಚುವುದಿಲ್ಲ, ಹಲವರು ತಲೆಯೆತ್ತಿಯೂ ನೋಡುವುದಿಲ್ಲ. ನಿತ್ಯವೂ ಇರುವುದೆಂದು ನಂಬಿದ್ದ ವಸ್ತುವೊಂದು ಕೆಲವೇ ವರ್ಷಗಳಲ್ಲಿ ಇಲ್ಲವಾಗಲಿದೆ ಎಂಬುದು ಇಂದಿನ ನೋಡುಗನಿಗೆ ಗೊತ್ತು. ಕ್ಯಾಮೆರಾ ಹಿಡಿದಿದ್ದ ಲಿಂಕ್ ಅವರಿಗೂ ಅದು ಗೊತ್ತಿತ್ತು.

ಪರದೆಯ ಮೇಲಿನ ವಿಮಾನ

ಯೇಗರ್‌ನ ಚಿತ್ರ ಲಿಂಕ್ ಅವರ ಕೃತಿಗಳಲ್ಲಿಯೇ ಅತ್ಯಂತ ಪ್ರಸಿದ್ಧವಾದುದು. ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದುದೂ ಅದೇ. 1956ರ ಆಗಸ್ಟ್ 2ರ ರಾತ್ರಿ ತೆಗೆದ ಈ ಚಿತ್ರಕ್ಕೆ 43 ಬಲ್ಬ್‌ಗಳು ಬಳಕೆಯಾದವು. ಮುಂಭಾಗದಲ್ಲಿ ಯುವಜೋಡಿಯೊಂದು ಕುಳಿತಿರುವ ತೆರೆದ ಕಾರು ಲಿಂಕ್ ಅವರದೇ. ಆ ಇಬ್ಬರನ್ನು ಅದರಲ್ಲಿ ಕೂರಿಸಿದವರೂ ಅವರೇ. ಬಲ್ಬ್‌ಗಳು ಹೊತ್ತಿಕೊಂಡಾಗ ಆ ಪ್ರಖರತೆಯಲ್ಲಿ ಚಿತ್ರಮಂದಿರದ ಪರದೆ ಖಾಲಿಯಾಗಿ ಕಂಡಿತು. ಪರದೆಯ ಮೇಲಿನ ವಿಮಾನದ ದೃಶ್ಯವನ್ನು ಇನ್ನೊಂದು ನೆಗೆಟಿವ್‌ನಿಂದ ತೆಗೆದುಕೊಂಡು, ಮುದ್ರಿಸುವಾಗ ಇದಕ್ಕೆ ಸೇರಿಸಲಾಯಿತು.

ಇದನ್ನು ದಾಖಲೆ ಎನ್ನಬಹುದೇ, ಇಲ್ಲವೇ ನಾಟಕದ ದೃಶ್ಯವೆನ್ನಬೇಕೇ ಎಂಬುದು ಪ್ರಶ್ನೆ. ಸುದ್ದಿಚಿತ್ರದ ಅಳತೆಗೋಲಿನಿಂದ ನೋಡಿದರೆ ಇಂತಹ ಜೋಡಣೆ ಒಪ್ಪತಕ್ಕದ್ದಲ್ಲ. ಲಿಂಕ್ ಅವರ ಬಹುತೇಕ ರಾತ್ರಿ ಚಿತ್ರಗಳಲ್ಲಿ ಜನರು ಅವರು ಹೇಳಿದ ಸ್ಥಳದಲ್ಲಿ, ಹೇಳಿದ ಭಂಗಿಯಲ್ಲಿ ಇದ್ದಾರೆ ಎಂಬುದೂ ನಿಜ. ಇನ್ನೊಂದೆಡೆ, ಆ ರೈಲು ನಿತ್ಯವೂ ಆ ಹಳಿಯಲ್ಲಿ ಓಡುತ್ತಿದ್ದದ್ದೇ. ಆ ಚಿತ್ರಮಂದಿರ, ಆ ಹಳ್ಳ, ಆ ನಡುಮನೆ ಇದ್ದದ್ದು ಅಲ್ಲಿಯೇ. ಚಿತ್ರದಲ್ಲಿರುವವರಲ್ಲಿ ಹೆಚ್ಚಿನವರು ಅದೇ ಊರುಗಳವರು. ಅಷ್ಟು ದೊಡ್ಡ ದೃಶ್ಯವನ್ನು ಕತ್ತಲಲ್ಲಿ ಬೆಳಗಬೇಕಾದರೆ ಮುಂಚಿತವಾದ ಏರ್ಪಾಡು ಅನಿವಾರ್ಯವಾಗಿತ್ತು. ವಿಮಾನದ ದೃಶ್ಯ ಸೇರಿಸಿದ ಸಂಗತಿ ಇಂದು ಗುಟ್ಟಾಗಿ ಉಳಿದಿಲ್ಲ. ಅದನ್ನು ತಿಳಿದು ನೋಡುವವರಿಗೆ ಚಿತ್ರದ ಅರ್ಥ ಇನ್ನೂ ಸ್ಪಷ್ಟವಾಗುತ್ತದೆ: ಜನರ ಕಣ್ಣೆಲ್ಲ ಜೆಟ್ ವಿಮಾನದ ಮೇಲೆ, ಪಕ್ಕದಲ್ಲೇ ಹಾದುಹೋಗುವ ಉಗಿ ರೈಲಿನತ್ತ ಯಾರ ಗಮನವೂ ಇಲ್ಲ.

ಬೆಟ್ಟದ ಕವಲು ಮಾರ್ಗ

ಪ್ರಧಾನ ಮಾರ್ಗದ ಅಬ್ಬರಕ್ಕೆ ತೀರಾ ಭಿನ್ನವಾದದ್ದು ಆಬಿಂಗ್ಡನ್ ಕವಲು ಮಾರ್ಗ. ವರ್ಜೀನಿಯಾದ ಆಬಿಂಗ್ಡನ್‌ನಿಂದ ಹೊರಟು ಬೆಟ್ಟಗಳನ್ನು ಬಳಸಿ ಉತ್ತರ ಕೆರೊಲಿನಾದ ವೆಸ್ಟ್ ಜೆಫರ್‌ಸನ್ ತಲುಪುವ ಈ ಮಾರ್ಗದ ಉದ್ದ ಸುಮಾರು 89 ಕಿ.ಮೀ. ದಾರಿಯಲ್ಲಿ ನೂರಕ್ಕೂ ಹೆಚ್ಚು ಸೇತುವೆಗಳು. ವೈಟ್ ಟಾಪ್ ನಿಲ್ದಾಣದ ಬಳಿ ಹಳಿ 3,577 ಅಡಿ ಎತ್ತರಕ್ಕೆ ಏರುತ್ತಿತ್ತು. ಏರಿಳಿವಿನ ದಾರಿಯಲ್ಲಿ ತೆವಳುತ್ತಾ ಸಾಗುತ್ತಿದ್ದ ರೈಲನ್ನು ಜನ 'ವರ್ಜೀನಿಯಾ ಕ್ರೀಪರ್' ಎಂದು ಕರೆಯುತ್ತಿದ್ದರು. ಅದೇ ಹೆಸರಿನ ಬಳ್ಳಿಯೊಂದು ಆ ಸೀಮೆಯಲ್ಲಿ ಬೆಳೆಯುತ್ತದೆ.

ಇಲ್ಲಿ ಓಡುತ್ತಿದ್ದುದು ಮಿಶ್ರ ರೈಲು. ಸರಕಿನ ವ್ಯಾಗನ್‌ಗಳ ಜೊತೆಗೇ ಪ್ರಯಾಣಿಕರ ಬೋಗಿಯನ್ನೂ ಜೋಡಿಸಲಾಗುತ್ತಿತ್ತು. ಎಳೆಯುತ್ತಿದ್ದುದು 20ನೆಯ ಶತಮಾನದ ಮೊದಲ ದಶಕದಲ್ಲಿ ತಯಾರಾದ 'ಎಂ' ವರ್ಗದ ಹಳೆಯ ಎಂಜಿನ್‌ಗಳು. ಪುಟ್ಟ ನಿಲ್ದಾಣಗಳಲ್ಲಿ ಮೂಟೆಗಳು ಇಳಿದು ಹತ್ತುವವರೆಗೆ ರೈಲು ನಿಂತಿರುತ್ತಿತ್ತು. ಅವಸರವಿಲ್ಲದ ಈ ಮಾರ್ಗದಲ್ಲಿ ಲಿಂಕ್ ಹಗಲಿನ ಬೆಳಕಿನಲ್ಲಿಯೂ ಹಲವು ಚಿತ್ರಗಳನ್ನು ತೆಗೆದರು. 1956ರಲ್ಲಿ ಗ್ರೀನ್ ಕೋವ್ ನಿಲ್ದಾಣದಲ್ಲಿ ತೆಗೆದ ಚಿತ್ರ ಇವುಗಳಲ್ಲಿ ಮುಖ್ಯವಾದುದು. ರೈಲು ನಿಲ್ದಾಣಕ್ಕೆ ಬರುತ್ತಿದೆ. ಅದರ ಎದುರು 'ಮಾಡ್' ಎಂಬ ಕುದುರೆ ನಮಸ್ಕರಿಸುವಂತೆ ತಲೆ ತಗ್ಗಿಸಿ ನಿಂತಿದೆ. 1957ರಲ್ಲಿ ಈ ಕವಲಿನಲ್ಲೂ ಉಗಿಯ ಓಟ ನಿಂತಿತು.

ಸದ್ದಿನ ದಾಖಲೆ

ಲಿಂಕ್ ಅವರ ಸಾಮಾನುಗಳಲ್ಲಿ ಕ್ಯಾಮೆರಾಗಳ ಜೊತೆ ಟೇಪ್ ರೆಕಾರ್ಡರ್ ಸಹ ಇತ್ತು. ಏರಿನಲ್ಲಿ ಏದುಸಿರು ಬಿಡುವ ಎಂಜಿನ್, ದೂರದ ಸಿಳ್ಳೆ, ಕಲ್ಲಿದ್ದಲು ವ್ಯಾಗನ್‌ಗಳ ಗಡಗಡ ಸದ್ದುಗಳನ್ನು ಅವರು ಮುದ್ರಿಸಿಕೊಂಡರು. 1957ರಿಂದ ಆರಂಭಿಸಿ ಇವುಗಳನ್ನು ಧ್ವನಿಮುದ್ರಿಕೆಗಳ ರೂಪದಲ್ಲಿ ಹೊರತಂದರು. ಒಟ್ಟು ಆರು ಸಂಪುಟಗಳು ಬಂದವು. 1957ರ ಕ್ರಿಸ್‌ಮಸ್ ಮುನ್ನಾದಿನದ ರಾತ್ರಿ ವರ್ಜೀನಿಯಾದ ರೂರಲ್ ರಿಟ್ರೀಟ್ ನಿಲ್ದಾಣದಲ್ಲಿ ಮಾಡಿದ ಮುದ್ರಣ ಇವುಗಳಲ್ಲಿ ವಿಶೇಷವಾದುದು. ಚರ್ಚಿನ ಘಂಟಾನಾದದ ನಡುವೆ ರೈಲು ಬಂದು ನಿಂತು, ಮತ್ತೆ ಹೊರಟು ದೂರವಾಗುವುದನ್ನು ಅದರಲ್ಲಿ ಕೇಳಬಹುದು.

ಉಗಿ ಯುಗದ ಅಂತ್ಯ

1958ರಲ್ಲಿ ಸ್ಮಿತ್ ಅವರ ನಂತರ ಸ್ಟುವರ್ಟ್ ಸಾಂಡರ್ಸ್ ಕಂಪನಿಯ ಅಧ್ಯಕ್ಷರಾದರು. ಡೀಸೆಲ್ ಖರೀದಿ ಚುರುಕಾಯಿತು. 1960ರ ಮೇ ತಿಂಗಳಲ್ಲಿ ನಾರ್ಫೋಕ್ ಅಂಡ್ ವೆಸ್ಟರ್ನ್‌ನ ನಿತ್ಯಸೇವೆಯ ಕೊನೆಯ ಉಗಿ ಎಂಜಿನ್‌ಗಳು ಆರಿದವು. ಬಾಯ್ಲರ್ ದುರಸ್ತಿಗಾರರು, ಬೂದಿ ತೆಗೆಯುವವರು, ನೀರು-ಕಲ್ಲಿದ್ದಲು ತುಂಬುವವರು ತಲೆಮಾರುಗಳಿಂದ ಮಾಡಿಕೊಂಡು ಬಂದಿದ್ದ ಕೆಲಸಗಳು ಅದರೊಂದಿಗೇ ಇಲ್ಲವಾದವು. ಶೆಡ್‌ನಲ್ಲಿ ಎಂಜಿನ್ ತೊಳೆಯುವುದು, ಗಾಲಿಗಳಿಗೆ ಎಣ್ಣೆ ಹಾಕುವುದು ಮೊದಲಾದ ಈ ಕಾಯಕಗಳು ಲಿಂಕ್ ಅವರ ಚಿತ್ರಗಳಲ್ಲಿ ದಾಖಲಾಗಿವೆ. ಇವು ಕಾರ್ಮಿಕ ಚರಿತ್ರೆಯ ಆಕರಗಳೂ ಆಗಿರುವುದು ಈ ಕಾರಣದಿಂದ.

ತಡವಾಗಿ ಬಂದ ಮನ್ನಣೆ, ಜೊತೆಗೆ ಸಂಕಷ್ಟ

ರೈಲು ನಿಂತ ಮೇಲೆ ಲಿಂಕ್ ಜಾಹೀರಾತು ಕೆಲಸಕ್ಕೆ ಮರಳಿದರು. ನೆಗೆಟಿವ್‌ಗಳು ವರ್ಷಗಟ್ಟಲೆ ಪೆಟ್ಟಿಗೆಗಳಲ್ಲೇ ಉಳಿದವು. 1983ರಲ್ಲಿ ಅಮೆರಿಕಾ ಹಾಗೂ ಬ್ರಿಟನ್‌ಗಳಲ್ಲಿ ಪ್ರದರ್ಶನಗಳು ಏರ್ಪಟ್ಟ ಬಳಿಕ ಪರಿಸ್ಥಿತಿ ಬದಲಾಯಿತು. 1987ರಲ್ಲಿ 'ಸ್ಟೀಮ್, ಸ್ಟೀಲ್ ಅಂಡ್ ಸ್ಟಾರ್ಸ್', 1995ರಲ್ಲಿ 'ದಿ ಲಾಸ್ಟ್ ಸ್ಟೀಮ್ ರೈಲ್‌ರೋಡ್ ಇನ್ ಅಮೆರಿಕಾ' ಗ್ರಂಥಗಳು ಪ್ರಕಟವಾದವು. ಮುದ್ರಿತ ಪ್ರತಿಗಳಿಗೆ ಬೇಡಿಕೆ ಏರಿತು.

ಬೆಲೆ ಏರಿದಂತೆ ಕಳವಿನ ಪ್ರಕರಣವೂ ಎದುರಾಯಿತು. ತಮ್ಮ ಚಿತ್ರಗಳ ಪ್ರತಿಗಳು ಅಪಾರ ಸಂಖ್ಯೆಯಲ್ಲಿ ಕಾಣೆಯಾಗಿವೆ ಎಂದು ಲಿಂಕ್ ದೂರಿದರು. 1996ರಲ್ಲಿ ನ್ಯೂಯಾರ್ಕ್ ರಾಜ್ಯದ ನ್ಯಾಯಾಲಯದಲ್ಲಿ ಅವರ ವಿಚ್ಛೇದಿತ ಪತ್ನಿಯ ಮೇಲಿನ ಆರೋಪ ಸಾಬೀತಾಗಿ ಸೆರೆವಾಸದ ಶಿಕ್ಷೆಯಾಯಿತು. ದಶಕಗಳ ಕಾಲ ಯಾರೂ ಕೇಳದಿದ್ದ ಚಿತ್ರಗಳು ಕೊನೆಗೆ ಕ್ರಿಮಿನಲ್ ಮೊಕದ್ದಮೆಯ ವಸ್ತುವಾದದ್ದು ವಿಪರ್ಯಾಸ.

1999ರಲ್ಲಿ ತೆರೆಕಂಡ 'ಅಕ್ಟೋಬರ್ ಸ್ಕೈ' ಚಲನಚಿತ್ರದಲ್ಲಿ ಲಿಂಕ್ ಉಗಿ ರೈಲಿನ ಚಾಲಕನಾಗಿ ಕ್ಷಣಕಾಲ ಕಾಣಿಸಿಕೊಂಡರು. ಪಶ್ಚಿಮ ವರ್ಜೀನಿಯಾದ ಗಣಿ ಊರೊಂದರ ಹುಡುಗರ ಕಥೆಯದು. 2001ರ ಜನವರಿ 30ರಂದು, 86ನೆಯ ವಯಸ್ಸಿನಲ್ಲಿ, ಅವರು ನ್ಯೂಯಾರ್ಕ್ ರಾಜ್ಯದಲ್ಲಿ ನಿಧನರಾದರು.

ಇಂದು ಉಳಿದಿರುವುದು

ರೊವನೋಕ್ ನಗರದ ಹಳೆಯ ರೈಲು ನಿಲ್ದಾಣದ ಕಟ್ಟಡದಲ್ಲಿ 2004ರ ಜನವರಿಯಲ್ಲಿ ಓ. ವಿನ್‌ಸ್ಟನ್ ಲಿಂಕ್ ವಸ್ತುಸಂಗ್ರಹಾಲಯ ಆರಂಭವಾಯಿತು. ಹೆಸರಾಂತ ವಿನ್ಯಾಸಕಾರ ರೇಮಂಡ್ ಲೋವಿ 1940ರ ದಶಕದ ಕೊನೆಯಲ್ಲಿ ನವೀಕರಿಸಿದ ಕಟ್ಟಡವಿದು. ಲಿಂಕ್ ಅವರು ಚಿತ್ರಿಸಿದ ಎಂಜಿನ್‌ಗಳಲ್ಲಿ 'ಜೆ' ವರ್ಗದ 611 ಹಾಗೂ 'ಎ' ವರ್ಗದ 1218 ಗುಜರಿಗೆ ಹೋಗದೆ ಉಳಿದಿವೆ. ನಾರ್ಫೋಕ್ ಅಂಡ್ ವೆಸ್ಟರ್ನ್ ಕಂಪನಿಯು 1982ರಲ್ಲಿ ಸದರ್ನ್ ರೈಲ್ವೆಯೊಂದಿಗೆ ಒಂದಾಗಿ ನಾರ್ಫೋಕ್ ಸದರ್ನ್ ಆಯಿತು.

ಆಬಿಂಗ್ಡನ್ ಕವಲಿನಲ್ಲಿ ಕೊನೆಯ ರೈಲು ಓಡಿದ್ದು 1977ರಲ್ಲಿ. ಆ ಬಳಿಕ ಹಳಿಗಳನ್ನು ಕಿತ್ತು, ಆಬಿಂಗ್ಡನ್‌ನಿಂದ ವೈಟ್ ಟಾಪ್ ಕಡೆಗಿನ ಸುಮಾರು 55 ಕಿ.ಮೀ. ದಾರಿಯನ್ನು ನಡೆಯುವವರಿಗೆ ಹಾಗೂ ಸೈಕಲ್ ಸವಾರರಿಗೆ ಬಿಟ್ಟುಕೊಡಲಾಯಿತು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ತಂದ ಪ್ರವಾಹಕ್ಕೆ ಡಮಾಸ್ಕಸ್ ಪಟ್ಟಣದಿಂದ ಮೇಲಿನ ಭಾಗದಲ್ಲಿ ಹಲವು ಹಳೆಯ ರೈಲು ಸೇತುವೆಗಳು ಕೊಚ್ಚಿಹೋದವು. ಆ ಸೇತುವೆಗಳ ಮೇಲೆ ಒಂದು ಕಾಲದಲ್ಲಿ ಓಡುತ್ತಿದ್ದ ಮಿಶ್ರ ರೈಲನ್ನು ಇಂದು ಕಾಣಬಯಸುವವರು ಲಿಂಕ್ ಅವರ ಚಿತ್ರಗಳತ್ತಲೇ ತಿರುಗಬೇಕು.